ಹೊನ್ನು ಬಿಡುವ ಮರ

ನಮ್ಮ ನೆರೆನುಡಿಯಾದ ಮಲಯಾಳದಲ್ಲಿ ಒಂದು ಗಾದೆಯಿದೆ: "ಪೊನ್ನು ಕಾಯ್ಕುನ್ನ ಮರಮಾಯಾಲುಂ ಪುರಯ್ಕು ಮೀತೆ ಚಾಞ್ಞಾಲ್ ಮುರಿಕ್ಕಣಂ." ಹೊನ್ನನ್ನೇ ಕಾಯಾಗಿ ಬಿಡುವ ಮರವಾದರೂ ಮನೆಯ ಮೇಲೆ ವಾಲಿತೆಂದರೆ ಕಡಿಯಬೇಕು ಎಂದು ಅದರ ಅರ್ಥ. ಕಾಸರಗೋಡಿನ ಕನ್ನಡಿಗರಾದ ನಾವೂ ಈ ಗಾದೆಯನ್ನು ಧಾರಾಳವಾಗಿ ಬಳಸುತ್ತೇವೆ. ಆದರೆ ಬಳಸುವುದು ಮರದ ವಿಷಯಕ್ಕಲ್ಲ. ಮಾತು ಕೇಳದ ಮಗ, ಪಕ್ಷಕ್ಕೆ ಮುಜುಗರ ತಂದ ಮುಖಂಡ, ಸಂಘದ ಹಣವನ್ನು ತನ್ನದೆಂದು ತಿಳಿದ ಕಾರ್ಯದರ್ಶಿ, ಇಂಥವರ ವಿಷಯಕ್ಕೆ. ಗಾದೆಗಳ ಹಣೆಬರಹವೇ ಅದು; ಹುಟ್ಟಿದ ಅಂಗಳವನ್ನು ಬಿಟ್ಟು ಊರೆಲ್ಲ ಸುತ್ತುತ್ತವೆ. ಈ ಗಾದೆಯನ್ನು ಒಮ್ಮೆ ಅದರ ಅಂಗಳಕ್ಕೇ ಮರಳಿ ಕರೆತಂದು, ಮರದ ಬುಡದಲ್ಲಿ ನಿಲ್ಲಿಸಿ ಮಾತಾಡಿಸಿ ನೋಡೋಣ.

ಮನೆಯಂಗಳದಲ್ಲಿ ಮುದಿಯಾದ ಮರವೊಂದಿದೆ. ಅದನ್ನು ಯಾವಾಗ ಕಡಿಯಬೇಕು? ಇದು ಕೃಷಿಯ ಪ್ರಶ್ನೆಯಂತೆ ತೋರುತ್ತದೆ, ಆದರೆ ಪೂರ್ತಿ ಕೃಷಿಯದ್ದಲ್ಲ. ಕಾನೂನಿನ ಪ್ರಶ್ನೆಯಂತೆ ತೋರುತ್ತದೆ, ಪೂರ್ತಿ ಅದೂ ಅಲ್ಲ. ನಮಗಿಂತ ಮೊದಲಿದ್ದ, ಎದುರು ಮಾತಾಡದ ಒಂದು ಜೀವದ ಬಗ್ಗೆ ನಾವು ತೀರ್ಪು ಕೊಡಬೇಕಾಗಿದೆ. ತೀರ್ಪು ಕೊಡದೆ ಸುಮ್ಮನೆ ಕುಳಿತರೂ ಅದೊಂದು ತೀರ್ಪೇ ಆಗುತ್ತದೆ. ಕಷ್ಟವಿರುವುದು ಇಲ್ಲಿ.

ಗಾದೆ ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂಬುದನ್ನು ಗಮನಿಸಬೇಕು. ಮರಕ್ಕೆ ವಯಸ್ಸಾದರೆ ಕಡಿ ಎಂದು ಅದು ಹೇಳಲಿಲ್ಲ. ಕಾಯಿ ಬಿಡುವುದು ನಿಂತರೆ ಕಡಿ ಎನ್ನಲಿಲ್ಲ. ಎಲೆ ಉದುರಿ ಅಂಗಳ ಕಸವಾಗುತ್ತದೆ, ಕಾರು ನಿಲ್ಲಿಸಲು ಜಾಗ ಬೇಕು ಎಂಬ ಕಾರಣಗಳಂತೂ ಗಾದೆ ಕಟ್ಟಿದವನ ಮನಸ್ಸಿಗೆ ಬಂದಿರಲಾರವು. ವಾಲಿದರೆ ಎಂಬ ಒಂದೇ ಷರತ್ತನ್ನು ಅವನು ಇಟ್ಟಿದ್ದಾನೆ. ಆ ಷರತ್ತು ಬಿದ್ದ ಮೇಲೆ ಹೊನ್ನಿನ ವಾದವೂ ನಡೆಯುವುದಿಲ್ಲ ಎಂದಿದ್ದಾನೆ. ಅಂದರೆ ಈ ಗಾದೆಗೆ ಎರಡು ಅಲಗುಗಳು. ಲಾಭಕ್ಕಾಗಿ ಮರವನ್ನು ಉಳಿಸುವವನಿಗೂ ಅದು ತಾಗುತ್ತದೆ, ಬರಿಯ ಅನುಕೂಲಕ್ಕಾಗಿ ಕಡಿಯುವವನಿಗೂ ತಾಗುತ್ತದೆ.

ಮೊದಲು ಎರಡನೆಯವನ ವಿಚಾರ. ಮರ ಕಡಿಸುವಾಗ ನಾವು ಹೇಳುವ ಕಾರಣ ಒಂದು, ಮನಸ್ಸಿನಲ್ಲಿರುವ ಕಾರಣ ಇನ್ನೊಂದು. "ಅಪಾಯ" ಎನ್ನುತ್ತೇವೆ. ನಿಜವಾಗಿ ನೋಡಿದರೆ ಹೊಸ ಮನೆಯ ಮುಂದೆ ಹಳೆಯ ಮರ ಚೆಂದ ಕಾಣುವುದಿಲ್ಲ, ಅಥವಾ ಅಂಗಳಕ್ಕೆ ಇಂಟರ್‌ಲಾಕ್ ಹಾಸಬೇಕಾಗಿದೆ, ಅಥವಾ ಪಾಲಾದ ಜಾಗದಲ್ಲಿ ಮರ ತಮ್ಮನ ಭಾಗಕ್ಕೆ ಹೋಗುವ ಮೊದಲೇ ಮೋಪಿನ ದುಡ್ಡು ಕೈಗೆ ಬರಬೇಕಾಗಿದೆ. ಇಂಥ ಕಾರಣಗಳೆಲ್ಲ ಅನ್ಯಾಯವೆಂದು ನಾನು ಹೇಳುವುದಿಲ್ಲ. ಮನುಷ್ಯನಿಗೆ ಮನೆ ಬೇಕು, ದುಡ್ಡೂ ಬೇಕು. ಆದರೆ ಅವನ್ನು ಅವುಗಳ ಹೆಸರಿನಿಂದಲೇ ಕರೆಯಬೇಕು. ಅನುಕೂಲಕ್ಕೆ ಅಪಾಯದ ವೇಷ ಹಾಕಿಸಿದರೆ ನಿಜವಾದ ಅಪಾಯ ಬಂದಾಗ ಅದರ ಮಾತನ್ನು ಯಾರೂ ನಂಬುವುದಿಲ್ಲ.

ಮುದಿತನದ ವಿಷಯವೂ ಹಾಗೆಯೇ. ನಾನು ಬ್ಯಾಂಕಿನ ಗುಮಾಸ್ತ. ನಮ್ಮಲ್ಲಿ ಎರಡು ವರ್ಷ ಗಿರಾಕಿಯ ಕಡೆಯಿಂದ ವ್ಯವಹಾರವಿಲ್ಲದ ಖಾತೆಯನ್ನು ನಿಷ್ಕ್ರಿಯ ಖಾತೆಗಳ ಸಾಲಿಗೆ ಸೇರಿಸುತ್ತಾರೆ. ಹತ್ತು ವರ್ಷವಾದರೂ ಯಾರೂ ಕೇಳದಿದ್ದರೆ, 2014ರಲ್ಲಿ ರಿಸರ್ವ್ ಬ್ಯಾಂಕು ಆರಂಭಿಸಿದ ನಿಧಿಗೆ ಆ ಹಣ ಹೋಗುತ್ತದೆ. ಆಗಲೂ ಖಾತೆದಾರನೋ ವಾರಸುದಾರನೋ ದಾಖಲೆ ಹಿಡಿದು ಬಂದರೆ ಹಣವನ್ನು ಕೊಡಲೇಬೇಕು. ವ್ಯವಹಾರ ನಿಂತಿತೆಂದು ಹಕ್ಕು ಸತ್ತಿತೆಂದು ಅರ್ಥವಲ್ಲ. ಕಾಯಿ ಬಿಡದ ಮರವನ್ನು ಕಂಡು "ಇದರಿಂದ ಇನ್ನೇನು ಪ್ರಯೋಜನ?" ಎನ್ನುವವರಿಗೆ ಕನಿಷ್ಠ ಬ್ಯಾಂಕಿನಷ್ಟಾದರೂ ತಾಳ್ಮೆ ಇರಬೇಡವೆ?

ಮರದ ಮುದಿತನ ನಮ್ಮ ಮುದಿತನದಂತಲ್ಲ. ಹಲಸು, ಮಾವುಗಳಂಥ ಮರದಲ್ಲಿ ನಡುವಿನ ತಿರುಳು ಮೊದಲೇ ಸತ್ತ ಭಾಗ. ತೊಗಟೆಯ ಕೆಳಗಿನ ಎಳೆಯ ಪದರದಲ್ಲಿ ಜೀವ ಇರುತ್ತದೆ. ಆದುದರಿಂದ ಒಳಗೆ ಪೊಳ್ಳಾದ ಮರವೂ ಹಚ್ಚಗೆ ಚಿಗುರಿಕೊಂಡು ಬಹಳ ಕಾಲ ನಿಲ್ಲುತ್ತದೆ. ಬಿದಿರು ಪೊಳ್ಳಾಗಿದ್ದುಕೊಂಡೇ ಗಾಳಿಯನ್ನು ತಡೆಯುತ್ತದಲ್ಲ! ಸುತ್ತಲಿನ ಗಟ್ಟಿಭಾಗ ಸಾಕಷ್ಟು ದಪ್ಪವಿದ್ದು ಎಲ್ಲೂ ಒಡೆಯದೆ ಇದ್ದರೆ ಪೊಳ್ಳುತನವೇ ಮರಣದಂಡನೆಗೆ ಕಾರಣವಾಗಬೇಕಿಲ್ಲ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ (1930–2006) ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, ಮರವು ಗಾಯವನ್ನು ನಮ್ಮಂತೆ ಮಾಯಿಸಿಕೊಳ್ಳುವುದಿಲ್ಲ ಎಂದು ತೋರಿಸಿಕೊಟ್ಟರು. ಅದು ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ, ಕೆಟ್ಟದ್ದನ್ನು ಅಲ್ಲೇ ಬಂಧಿಸಿ, ಹೊರಗೆ ಹೊಸತಾಗಿ ಬೆಳೆಯುತ್ತದೆ. ಕಡಿದ ಕೊಂಬೆಯ ಬಾಯಿಗೆ ನಾವು ಬಳಿಯುವ ಡಾಮರಾಗಲಿ, ಪೊಟರೆಗೆ ತುಂಬುವ ಸಿಮೆಂಟಾಗಲಿ ಮರವನ್ನು ಕೊಳೆಯದಂತೆ ಕಾಪಾಡುವುದಿಲ್ಲ. ಅದರ ಗೋಡೆಯನ್ನು ಅದೇ ಕಟ್ಟಿಕೊಳ್ಳಬೇಕು. ಕಟ್ಟುವ ಶಕ್ತಿ ಎಲ್ಲಿಯವರೆಗೆ ಇದೆ ಎಂಬುದೇ ಕೇಳಬೇಕಾದ ಪ್ರಶ್ನೆ. ವಯಸ್ಸೆಷ್ಟು ಎಂಬುದಲ್ಲ.

ತೆಂಗಿನ ಕತೆ ಬೇರೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಊರು ನಮ್ಮದು. ಇಲ್ಲಿಯ ಓದುಗರಿಗೆ ತೆಂಗಿನ ಪಾಠ ಹೇಳುವುದು ಕೊಂಕಣಿಗೆ ಮೀನಿನ ಪಾಠ ಹೇಳಿದಂತೆ. ಆದರೂ ಒಂದು ಮಾತು. ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಕೊಳೆತು ಸತ್ತಿತೆಂದರೆ ಬದಿಯಿಂದ ಚಿಗುರುವ ಆಸೆಯಿಲ್ಲ. ಸತ್ತ ಮರ ಕೊಳೆಯುತ್ತ ನಿಂತರೆ ಅದರಲ್ಲಿ ಕುರುವಾಯಿ ಹುಳ ಮೊಟ್ಟೆಯಿಟ್ಟು ಮರಿಮಾಡಿ ನೆರೆಯವನ ಎಳೆಯ ತೆಂಗಿನ ಸುಳಿಗೆ ಹೋಗುತ್ತದೆ. ಅದೇ ಬೋಳು ಕಾಂಡದ ತೂತಿನಲ್ಲಿ ಗಿಳಿಯೋ ಮರಕುಟಿಗವೋ ಸಂಸಾರ ಹೂಡುವುದೂ ಉಂಟು. ಒಂದೇ ಮರ ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ರೋಗದ ಗೂಡು. ಧರ್ಮಸಂಕಟವೆಂದರೆ ಇದೇ ಅಲ್ಲವೆ?

ಈಗ ಮೊದಲನೆಯವನ ಕಡೆಗೆ ಬರೋಣ. ಏನಾದರೂ ಸರಿ, ಮರ ಕಡಿಯಲಾರೆ ಎನ್ನುವವನು ಇವನು. ಇವನ ಬಗ್ಗೆ ನನಗೆ ಹೆಚ್ಚು ಗೌರವ. ಆದುದರಿಂದ ಇವನೊಡನೆಯೇ ಹೆಚ್ಚು ಜಗಳ. ಹಿಂದಿನವರಿಗೆ ಮರ ಕಡಿಯಲು ಕೆಲವು ಗೊತ್ತಾದ ಸಂದರ್ಭಗಳಿದ್ದವು. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಹಿತ್ತಿಲ ಮಾವಿನ ಮರ ಚಿತೆಗೆ ಹೋಗುತ್ತಿತ್ತು. ನೆಟ್ಟವನ ಜೊತೆಗೇ ಮರವೂ ಹೊರಡುತ್ತಿತ್ತು. ದುಃಖದ ನಡುವೆ ಮರದ ದುಃಖ ಬೇರೆಯಾಗಿ ಕಾಣುತ್ತಿರಲಿಲ್ಲ, ನಿರ್ಧಾರದ ಭಾರವೂ ಯಾರ ಹೆಗಲಿಗೂ ಬೀಳುತ್ತಿರಲಿಲ್ಲ. ಮನೆ ಕಟ್ಟುವಾಗ ಹಲಸು ಬಾಗಿಲಾಗುತ್ತಿತ್ತು, ಗಟ್ಟಿ ಕಾಂಡ ಚೆಂಡೆಯವರ ಕೈಗೆ ಹೋಗಿ ನಾದವಾಗುತ್ತಿತ್ತು. ಈಗ ಅನೇಕ ಊರುಗಳಲ್ಲಿ ಗ್ಯಾಸಿನ ಸ್ಮಶಾನಗಳು ಬಂದಿವೆ, ಬಾಗಿಲು ಅಂಗಡಿಯಿಂದ ಸಿದ್ಧವಾಗಿ ಬರುತ್ತದೆ. ಮರಕ್ಕೆ ಹೋಗಲು ಒಂದು ಗೌರವದ ದಾರಿ ಉಳಿದಿಲ್ಲ. ಹೀಗಾಗಿ ನಾವೇ ಕುಳಿತು, ನೆವವಿಲ್ಲದೆ, ನಿರ್ಧಾರ ಮಾಡಬೇಕಾಗಿದೆ.

ಜಾಗದ ಅಳತೆಯೂ ಬದಲಾಗಿದೆ. ಗಾದೆ ಹುಟ್ಟಿದ ಕಾಲದಲ್ಲಿ ಮನೆಯೆಂದರೆ ಎಕರೆಗಟ್ಟಲೆ ಹಿತ್ತಿಲ ನಡುವಿನ ಒಂದು ಹುಲ್ಲು ಮಾಡು. ಮರ ಬಿದ್ದರೆ ಮರದ ಮಾಲಕನ ಮನೆಯ ಮೇಲೆಯೇ ಬೀಳಬೇಕು. ಹೊನ್ನನ್ನು ಉಂಡವನೇ ಪೆಟ್ಟನ್ನೂ ತಿನ್ನಬೇಕು, ಲೆಕ್ಕ ಸರಿಹೋಗುತ್ತಿತ್ತು. ಈಗ ಐದು ಸೆಂಟು, ಹತ್ತು ಸೆಂಟುಗಳ ಕಾಲ. ಬುಡ ನನ್ನ ಅಂಗಳದಲ್ಲಿ, ನೆರಳು ಪಕ್ಕದ ಮನೆಯ ಮಾಡಿನ ಮೇಲೆ, ಕೊಂಬೆ ವಿದ್ಯುತ್ ತಂತಿಯ ಮೇಲೆ, ಬೇರು ಪಂಚಾಯತು ರಸ್ತೆಯ ಕೆಳಗೆ. "ಪುರಯ್ಕು ಮೀತೆ" ಎಂದರೆ ಯಾರ ಪುರ? ಈ ಪ್ರಶ್ನೆಯನ್ನು ಗಾದೆ ಕೇಳಿರಲಿಲ್ಲ. ನಾವು ಕೇಳಬೇಕಾಗಿದೆ.

ಕಾನೂನು ಇದನ್ನು ತನ್ನ ರೀತಿಯಲ್ಲಿ ಕೇಳಿದೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ 238ನೇ ಕಲಮಿನ ಪ್ರಕಾರ, ಮರವೋ ಕೊಂಬೆಯೋ ಕಾಯಿಯೋ ಬಿದ್ದು ಜನರಿಗೆ ಅಥವಾ ಕಟ್ಟಡಕ್ಕೆ ಅಪಾಯವಾದೀತೆಂದು ಕಂಡರೆ ಗ್ರಾಮ ಪಂಚಾಯತು ಮಾಲಕನಿಗೆ ನೋಟೀಸು ಕೊಟ್ಟು, ಮರವನ್ನು ಭದ್ರಪಡಿಸುವಂತೆ, ಸವರುವಂತೆ ಅಥವಾ ಕಡಿಯುವಂತೆ ಹೇಳಬಹುದು. ಈ ಮೂರು ಶಬ್ದಗಳ ಅನುಕ್ರಮವನ್ನು ನೋಡಿ. ಭದ್ರಪಡಿಸುವುದು ಮೊದಲು, ಸವರುವುದು ಆಮೇಲೆ, ಕಡಿಯುವುದು ಕೊನೆಗೆ. ಕಾಯಿದೆ ಬರೆದವರು ಉದ್ದೇಶಿಸಿ ಹಾಗೆ ಬರೆದರೋ ಇಲ್ಲವೋ, ವಿವೇಕದ ಅನುಕ್ರಮವಂತೂ ಅದೇ.

ಮಾತು ಬರಿಯ ತತ್ತ್ವವಾಗಬಾರದೆಂದು ನಮ್ಮ ಮನೆಯ ಹಲಸಿನ ಉದಾಹರಣೆಯನ್ನೇ ಕೊಡುತ್ತೇನೆ. ಈ ಹಲಸು ನನ್ನ ತಾಯಿ ಮದುವೆಯಾಗಿ ಬರುವಾಗಲೇ ಕಾಯಿ ಬಿಡುತ್ತಿತ್ತು. ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ಮೊಳೆತು, 1956ರ ನವೆಂಬರ್ ಒಂದರಂದು ಇದ್ದಲ್ಲಿಂದ ಒಂದಂಗುಲ ಕದಲದೆ ಕೇರಳಕ್ಕೆ ಸೇರಿದ ಮರ. 2018ರಲ್ಲಿ ಸರಕಾರ ಹಲಸನ್ನು ಕೇರಳದ ರಾಜ್ಯಫಲವೆಂದು ಘೋಷಿಸಿದಾಗ ನಮ್ಮ ಮರಕ್ಕೂ ಪದವಿ ಸಿಕ್ಕಿತೆಂದು ಮನೆಯಲ್ಲಿ ನಕ್ಕಿದ್ದೆವು. ಆದರೆ ಕೆಲವು ವರ್ಷಗಳಿಂದ ಅದರ ತುದಿಯ ಕೊಂಬೆಗಳು ಒಣಗತೊಡಗಿದವು. ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಎದ್ದಿತು. ಕಾಂಡ ಓಣಿಯ ಕಡೆಗೆ ಬಾಗಿತ್ತು. ಬಾಗಿದ್ದು ಮೊದಲಿನಿಂದಲೇ, ಬಾಗಿ ಬೆಳೆದ ಮರ ಆ ಬಾಗಿಗೆ ತಕ್ಕ ಬಲವನ್ನೂ ಬೆಳೆಸಿಕೊಂಡಿರುತ್ತದೆ, ಅದರಿಂದ ಹೆದರಬೇಕಾಗಿಲ್ಲ. ಹೆದರಬೇಕಾದುದು ಹೊಸ ವಾಲಿಕೆಗೆ. ಕಳೆದ ಮಳೆಗಾಲದ ಕೊನೆಗೆ ವಾಲಿಕೆಯ ಹಿಂಬದಿಯ ಮಣ್ಣಿನಲ್ಲಿ ಕೈಬೆರಳು ಹೋಗುವಷ್ಟು ಬಿರುಕು ಕಂಡಿತು. ಆ ಓಣಿಯಲ್ಲಿ ಬೆಳಗ್ಗೆಯೂ ಸಂಜೆಯೂ ಅಂಗನವಾಡಿಯ ಮಕ್ಕಳು ನಡೆದುಹೋಗುತ್ತಾರೆ.

ತಾಯಿ ಹೇಳಿದ್ದು ಒಂದೇ ಮಾತು: "ನಾನಿರುವಷ್ಟು ದಿನ ಅದೂ ಇರಲಿ ಮಗಾ, ಆಮೇಲೆ ನಿನ್ನ ಇಷ್ಟ."

ಈ ಮಾತಿಗೆ ಎದುರು ಹೇಳುವುದು ಸುಲಭವಲ್ಲ. ಎಂಬತ್ತು ದಾಟಿದವರ ಪಾಲಿಗೆ ಅಂಗಳದ ಮರವೆಂದರೆ ಮರವಷ್ಟೇ ಅಲ್ಲ. ಅದರ ಕೆಳಗೆ ಯಾರು ಕುಳಿತಿದ್ದರು, ಯಾರು ಉಯ್ಯಾಲೆ ಕಟ್ಟಿದ್ದರು ಎಂಬುದರ ದಾಖಲೆ ಪುಸ್ತಕ. ಅವರ ಕೋರಿಕೆಯಲ್ಲಿ ಸ್ವಾರ್ಥವೂ ಇರಲಿಲ್ಲ. ಆದರೂ ಅದರಲ್ಲಿ ಒಂದು ಲೆಕ್ಕ ಬಿಟ್ಟುಹೋಗಿತ್ತು. ಆ ಲೆಕ್ಕವನ್ನು ತೋರಿಸಿಕೊಟ್ಟವರು ಮರ ಹತ್ತುವವರು. ಅವರು ಬಂದು ಬುಡಕ್ಕೆ ಕತ್ತಿಯ ಹಿಡಿಯಿಂದ ಬಡಿದು, ಕಿವಿಗೊಟ್ಟು, ಮೇಲೆ ನೋಡಿ ಹೇಳಿದರು: "ಇನಿ ರಂಡ್ ಕೊಲ್ಲಂ ಕಯಿಞ್ಞಾಲ್ ಞಾನ್ ಕೇರೂಲ." ಇನ್ನೆರಡು ವರ್ಷ ಕಳೆದರೆ ನಾನು ಹತ್ತುವುದಿಲ್ಲ ಎಂದು.

ಇದರಲ್ಲಿ ದೊಡ್ಡ ವಿಚಾರವಿದೆ. ಇಕ್ಕಟ್ಟಿನ ಜಾಗದಲ್ಲಿ ಮರವನ್ನು ಒಮ್ಮೆಗೇ ಉರುಳಿಸುವಂತಿಲ್ಲ. ಒಬ್ಬ ಮನುಷ್ಯ ಮೇಲೆ ಹತ್ತಿ, ಹಗ್ಗ ಕಟ್ಟಿ, ತುದಿಯಿಂದ ಒಂದೊಂದೇ ಕೊಂಬೆ ಕಡಿದು ಇಳಿಸುತ್ತಾ ಬರಬೇಕು. ಅವನ ಜೀವಕ್ಕೆ ಆಧಾರ ಆ ಮರವೇ. ಮರದಲ್ಲಿ ಬಲವಿರುವಾಗ ಕಡಿಸಿದರೆ ಅವನಿಗೆ ನಿಲ್ಲಲು ಗಟ್ಟಿ ಕೊಂಬೆ ಸಿಗುತ್ತದೆ. ಪೂರ್ತಿ ಸತ್ತ ಮೇಲೆ ಕಡಿಸಿದರೆ ಕಾಲಿಟ್ಟ ಕೊಂಬೆಯೇ ಮುರಿಯುತ್ತದೆ. "ಸಾಯುವವರೆಗೆ ಇರಲಿ" ಎನ್ನುವ ನಮ್ಮ ಕರುಣೆಯ ಬೆಲೆಯನ್ನು ಕೊನೆಗೆ ಕೊಡುವವನು ಮರ ಹತ್ತುವವನು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರ ಹತ್ತುವವರಿಗೆ ತರಬೇತಿ ಕೊಡುತ್ತ ಬಂದಿದೆ, ವಿಮೆಯ ವ್ಯವಸ್ಥೆಯೂ ಇದೆ. ಒಳ್ಳೆಯದೇ. ಆದರೆ ಕೊಳೆತ ಕೊಂಬೆಗೆ ವಿಮೆಯ ಪರಿಚಯವಿಲ್ಲ.

ಬ್ಯಾಂಕಿನಲ್ಲಿ ಸಾಲಕ್ಕೆ ಜಾಮೀನುದಾರ ಬೇಕು. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಬೇರೆ ಷರತ್ತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಹೊಣೆ ಕಠಿಣವಾದರೂ ನ್ಯಾಯವಾದದ್ದು. ಯಾಕೆಂದರೆ ಅವನು ತಿಳಿದು ರುಜು ಹಾಕಿದ್ದಾನೆ. ರುಜುವಿಲ್ಲದೆ ಯಾರನ್ನೂ ಜಾಮೀನಿಗೆ ಎಳೆಯುವಂತಿಲ್ಲ. ಈಗ ನಮ್ಮ ಓಣಿಯನ್ನು ನೋಡಿ. ನೆರಳೂ ನೆನಪೂ ನಮ್ಮ ಮನೆಯದು. ಮರ ಬಿದ್ದರೆ ಕಟ್ಟಬೇಕಾದವರು ಆ ಹೊತ್ತಿಗೆ ದಾರಿಯಲ್ಲಿ ಇದ್ದ ಮಕ್ಕಳು. ಅವರು ಎಲ್ಲಿ ರುಜು ಹಾಕಿದ್ದಾರೆ? ನನ್ನ ಪ್ರೀತಿಗೆ ನಾನು ಅಪಾಯ ಹೊರುವುದಾದರೆ ಅದು ನನ್ನ ಹಕ್ಕು, ಯಾರೂ ತಡೆಯಬೇಕಾಗಿಲ್ಲ. ನನ್ನ ಪ್ರೀತಿಗೆ ಕೇಳದವರನ್ನು ಜಾಮೀನು ನಿಲ್ಲಿಸಿದರೆ ಅದು ಪ್ರೀತಿಯಾಗಿ ಉಳಿಯುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ.

ಇದನ್ನು ತಾಯಿಗೆ ಕಾಯಿದೆಯ ಭಾಷೆಯಲ್ಲಿ ಹೇಳಬೇಕಾಗಿ ಬರಲಿಲ್ಲ. ಹತ್ತುವವರ ಮಾತನ್ನು ಜಗಲಿಯಲ್ಲಿ ಕುಳಿತು ಕೇಳಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಅವರಿಗೆ ಮಕ್ಕಳೆಷ್ಟು?" ಎಂದು ಕೇಳಿದರು. ಇಬ್ಬರೆಂದೆ. "ಗುಜ್ಜೆ ಕೊಯ್ದಾದ ಮೇಲೆ ಕಡಿಸು" ಎಂದರು.

ಗುಜ್ಜೆ ಕೊಯ್ದ ಮೇಲೆ, ಪತ್ತನಾಜೆಗೆ ಮೊದಲು, ಕೆಲಸ ಮುಗಿಯಿತು. ಬುಡ ನೋಡಿದರೆ ಒಳಗೆ ಪೊಳ್ಳು. ಒಂದು ಬದಿ ತೆಳ್ಳಗೆ, ಇನ್ನೊಂದು ಬದಿ ಅರಸಿನ ಬಣ್ಣದ ಗಟ್ಟಿ ತಿರುಳು. ಇನ್ನೆಷ್ಟು ಕಾಲ ನಿಲ್ಲುತ್ತಿತ್ತು ಎಂದು ಕೇಳಿದೆ. "ಹತ್ತು ವರ್ಷ ನಿಂತರೂ ನಿಂತೀತು, ಈ ಮಳೆಗೆ ಬಿದ್ದರೂ ಬಿದ್ದೀತು" ಎಂದರು. ಇಂಥ ನಿರ್ಧಾರಗಳಿಗೆ ಸಿಗುವ ಉತ್ತರ ಇಷ್ಟೇ. ಸಾಲ ಕೊಡುವ ದಿನ ಕೈಯಲ್ಲಿದ್ದ ಕಾಗದಗಳನ್ನು ನೋಡಿ ತೀರ್ಮಾನಿಸಬೇಕು. ಮುಂದೆ ಏನಾಯಿತೆಂಬುದರಿಂದ ಅಂದಿನ ತೀರ್ಮಾನದ ಸರಿತಪ್ಪು ನಿಶ್ಚಯವಾಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಈ ತರ್ಕ ಹಿಡಿದರೆ ಊರಲ್ಲಿ ಒಂದು ಮರವೂ ಉಳಿಯದಲ್ಲ? ಬೀಳಲಾರದ ಮರವೆಂದು ಯಾವುದಿದೆ? ಈಗಾಗಲೇ ತಲಪಾಡಿಯಿಂದ ತೆಂಕಿಗೆ ಹೆದ್ದಾರಿ ಅಗಲವಾಗುವಾಗ ರಸ್ತೆಬದಿಯ ಮರಗಳು ಹೋದವು. ಅಂಗಳದ ಮರಗಳನ್ನೂ ಭಯದ ಬಾಯಿಗೆ ಕೊಡಬೇಕೆ?

ಬೇಡ. ಅಪಾಯ ಮತ್ತು ಭಯ ಒಂದೇ ಅಲ್ಲ. ಅಪಾಯವೆಂದರೆ ಮೂರು ಪ್ರಶ್ನೆಗಳ ಒಟ್ಟು ಉತ್ತರ: ಮರ ಬೀಳುವ ಲಕ್ಷಣ ಕಾಣುತ್ತದೆಯೆ? ಬೀಳುವ ದಿಕ್ಕಿನಲ್ಲಿ ಜನ ಇರುತ್ತಾರೆಯೆ? ತಾಗಿದರೆ ಎಷ್ಟು ಪೆಟ್ಟು? ಈ ಮೂರರಲ್ಲಿ ಒಂದಕ್ಕೆ "ಇಲ್ಲ" ಎಂಬ ಉತ್ತರ ಬಂದರೂ ಕೊಡಲಿಯನ್ನು ಕೆಳಗಿಡಬಹುದು. ಗುಡ್ಡದ ಬದಿಯಲ್ಲಿ ಯಾರೂ ಸುಳಿಯದ ಕಡೆ ಪೊಳ್ಳಾಗಿ ನಿಂತ ಮರ ಬೀಳಬೇಕಾದಾಗ ಬೀಳಲಿ, ಗೂಬೆಗೂ ಜೇನಿಗೂ ಮನೆಯಾಗಲಿ. ಓಣಿಯ ಬದಿಯಲ್ಲಿದ್ದರೂ ಗಟ್ಟಿಯಾದ ಮರ ನೂರು ವರ್ಷದ್ದಾದರೇನು, ಇರಲಿ. ಒಣಗಿದ ಕೊಂಬೆಯೊಂದೇ ತೊಂದರೆಯಾದರೆ ಕೊಂಬೆಯೊಂದನ್ನೇ ತೆಗೆಯಿರಿ. ಭಾರ ಇಳಿಸಿದರೆ ಸಾಕಾಗುವುದಾದರೆ ಭಾರ ಇಳಿಸಿ. ಓಣಿಗೆ ತಲುಪದಷ್ಟು ಎತ್ತರದ ಮೋಟು ಉಳಿಸಬಹುದಾದರೆ ಉಳಿಸಿ, ಮರಕುಟಿಗ ಬರುತ್ತದೆ. ಕಂಪೌಂಡು ಗೋಡೆಗೆ ಅಡಿಪಾಯ ತೋಡುವಾಗ ಬೇರನ್ನು ಕಡಿದು, ಆಮೇಲೆ ಮರ ಅಪಾಯಕಾರಿ ಎಂದು ದೂರುವುದನ್ನಾದರೂ ಬಿಡಬಹುದು. ಕಡಿಯುವವನು ಕಾರಣ ಕೊಡಬೇಕು, ಉಳಿಸುವವನು ಪ್ರತಿವರ್ಷ ಬುಡವನ್ನು ನೋಡಬೇಕು. ಇಬ್ಬರಿಗೂ ಪುಕ್ಕಟೆ ಪುಣ್ಯವಿಲ್ಲ.

ಕಡಿಯಲೇಬೇಕಾದಾಗ ಕಡಿಯುವುದರಲ್ಲೂ ಒಂದು ನೀತಿ ಇದೆ. 2022ರಲ್ಲಿ ಮಲಪ್ಪುರಂ ಜಿಲ್ಲೆಯ ತಿರೂರಂಗಾಡಿ ಸಮೀಪ ಹೆದ್ದಾರಿ ಕೆಲಸಕ್ಕೆ ಒಂದು ಮರವನ್ನು ಉರುಳಿಸಿದಾಗ ಅದರಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳ ಮರಿಗಳು ರಾಶಿರಾಶಿಯಾಗಿ ಸತ್ತುಬಿದ್ದವು. ಮರ ಹೋಗಬೇಕಾಗಿತ್ತೋ ಇಲ್ಲವೋ ಎಂಬ ಚರ್ಚೆ ಬೇರೆ. ಕೆಲವು ವಾರ ಕಾಯಬಹುದಿತ್ತು ಎಂಬುದರಲ್ಲಿ ಚರ್ಚೆಯಿಲ್ಲ. ಮೇಲೆ ನೋಡಿ ಕೊಡಲಿ ಹಾಕಬೇಕು. ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ತಿಳಿಸಿ ಲೈನು ನಿಲ್ಲಿಸಬೇಕು. ಹತ್ತುವವರು ಕೇಳಿದ ಕೂಲಿಯಲ್ಲಿ ಚೌಕಾಶಿ ಮಾಡಬಾರದು. ಮತ್ತೆ, ತೆಗೆದದ್ದಕ್ಕೆ ಪ್ರತಿಯಾಗಿ ನೆಡಬೇಕು. ಈ ಸಲ ಓಣಿಯಿಂದಲೂ ತಂತಿಯಿಂದಲೂ ದೂರ, ಬೆಳೆದು ಮುದಿಯಾಗಲು ಜಾಗವಿರುವಲ್ಲಿ ನೆಡಬೇಕು. ನಾವು ಇಂದು ಸಂಕಟಪಡುವ ಅನೇಕ ಮರಗಳ ತೊಂದರೆ ಅವುಗಳ ಮುಪ್ಪಿನಲ್ಲಿಲ್ಲ, ನೆಟ್ಟ ಜಾಗದಲ್ಲಿದೆ. ಹಾಗೆಂದು ನೆಟ್ಟವರನ್ನು ದೂರುವಂತಿಲ್ಲ. ಅವರು ನೆಡುವಾಗ ಓಣಿಯಿರಲಿಲ್ಲ, ತಂತಿಯಿರಲಿಲ್ಲ, ಪಕ್ಕದ ಮನೆಯೂ ಇರಲಿಲ್ಲ.

ಕಸಿಯ ಹಲಸು ನಾಲ್ಕೈದು ವರ್ಷಕ್ಕೆ ಕಾಯಿ ಬಿಟ್ಟೀತು. ದಾರಿಹೋಕರಿಗೆ ನೆರಳಾಗಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಆ ನೆರಳಿನಲ್ಲಿ ನಿಲ್ಲುವವರು ನಾವಾಗಿರುವುದಿಲ್ಲ. ಒಂದು ದಿನ ಅದರ ಬುಡಕ್ಕೆ ಬಡಿದು ಕಿವಿಗೊಡುವವರೂ ನಾವಾಗಿರುವುದಿಲ್ಲ. ಅವರಿಗೆ ನಾವು ಬಿಟ್ಟುಹೋಗಬಹುದಾದ ಉಪಕಾರವೆಂದರೆ, ಎರಡು ಕಡೆಗೂ ಜಾಗವಿರುವಲ್ಲಿ ಒಂದು ಸಸಿ; ಬೆಳೆಯಲೂ ಜಾಗ, ಬೀಳಲೂ ಜಾಗ.